ಬಾಚಣಿಗೆ, ಗಿಂಡಿ, ಬಟ್ಟೆ ಸುತ್ತಿದ ಕಡ್ಡಿ

ಚೀನಾದ ವಾಯವ್ಯ ಭಾಗದಲ್ಲಿ, ಡುನ್‌ಹುವಾಂಗ್ ಊರಿನ ಹತ್ತಿರ, ಮರುಭೂಮಿಯ ಅಂಚಿನಲ್ಲಿ ಶುವಾನ್‌ಚುವಾನ್‌ಜಿ ಎಂಬ ಹಳೆಯ ಠಾಣೆಯ ಅವಶೇಷ ಇದೆ. ಹಾನ್ ರಾಜವಂಶದ ಕಾಲದಲ್ಲಿ ರೇಷ್ಮೆ ದಾರಿ ಹಿಡಿದು ಹೋಗುವ ದೂತರು, ಅಧಿಕಾರಿಗಳು ಇಲ್ಲಿ ಇಳಿದುಕೊಳ್ಳುತ್ತಿದ್ದರು. ಉಂಡು, ಮಲಗಿ, ಕುದುರೆ ಬದಲಿಸಿ ಮುಂದಕ್ಕೆ ಹೊರಡುತ್ತಿದ್ದರು. ಕ್ರಿ.ಪೂ. 111ರಿಂದ ಕ್ರಿ.ಶ. 109ರವರೆಗೆ ಈ ಠಾಣೆ ಬಳಕೆಯಲ್ಲಿತ್ತು. 1992ರಲ್ಲಿ ಅಲ್ಲಿ ಅಗೆತ ನಡೆದಾಗ ಕಕ್ಕಸಿನ ಗುಂಡಿಯಲ್ಲಿ ಕೆಲವು ಕಡ್ಡಿಗಳು ಸಿಕ್ಕವು. ತುದಿಗೆ ಬಟ್ಟೆ ಸುತ್ತಿದ ಕಡ್ಡಿಗಳು. ಬಟ್ಟೆಗೆ ಏನೋ ಒಣಗಿ ಅಂಟಿಕೊಂಡಿತ್ತು. ಏನು ಅಂತ ಹೇಳಬೇಕಾಗಿಲ್ಲ ಅಲ್ವಾ? ಅದು ಆ ಕಾಲದ ಪ್ರಯಾಣಿಕರು ಮಲವಿಸರ್ಜನೆ ಆದಮೇಲೆ ಒರೆಸಿಕೊಳ್ಳುತ್ತಿದ್ದ ಸಾಧನ.

ಬೇರೆ ಕಡೆ ಆಗಿದ್ದರೆ ಇದೆಲ್ಲ ಕೊಳೆತು ಮಣ್ಣಾಗುತ್ತಿತ್ತು. ಇಲ್ಲಿನ ಒಣ ಹವೆ ಎರಡು ಸಾವಿರ ವರ್ಷ ಕಾಪಾಡಿಕೊಂಡು ಬಂತು. ಕೇಂಬ್ರಿಜ್ ಮತ್ತು ಚೀನಾದ ಸಂಶೋಧಕರು ಅಂಥ ಏಳು ಕಡ್ಡಿಗಳಿಂದ ಒಣಗಿದ ಮಲವನ್ನು ಕೆರೆದು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ನಾಲ್ಕು ಬಗೆಯ ಹೊಟ್ಟೆಹುಳುಗಳ ಮೊಟ್ಟೆ ಅಲ್ಲಿದ್ದವು: ದುಂಡುಹುಳು, ಚಾಟಿಹುಳು, ಲಾಡಿಹುಳು, ಮತ್ತೆ ಚೀನೀ ಯಕೃತ್ತಿನ ಹುಳು.

ಮೊದಲ ಮೂರಕ್ಕೆ ಯಾರೂ ಹುಬ್ಬೇರಿಸಲಿಲ್ಲ. ನಾಲ್ಕನೆಯದು ಬೇರೆ ಕಥೆ. ಯಕೃತ್ತಿನ ಈ ಹುಳುವಿನ ಬದುಕು ನೀರಿಲ್ಲದೆ ನಡೆಯುವುದೇ ಇಲ್ಲ. ರೋಗಿಯ ಮಲದಲ್ಲಿ ಹೊರಬಿದ್ದ ಮೊಟ್ಟೆಯನ್ನು ಸಿಹಿನೀರಿನ ಬಸವನಹುಳು ತಿನ್ನಬೇಕು. ಮರಿಗಳು ಅದರೊಳಗೆ ಬೆಳೆದು ಹೊರಬಂದು ಮೀನಿನ ಮೈ ಹೊಕ್ಕಬೇಕು. ಆ ಮೀನನ್ನು ಮನುಷ್ಯ ಹಸಿಯಾಗಿಯೋ ಅರೆಬೆಂದೋ ತಿನ್ನಬೇಕು. ಆಗ ಹುಳು ಪಿತ್ತನಾಳದಲ್ಲಿ ಬಿಡಾರ ಹೂಡುತ್ತದೆ. ಡುನ್‌ಹುವಾಂಗ್‌ನ ಮರಳಿನಲ್ಲಿ ಇದರ ಒಂದು ಹಂತವೂ ನಡೆಯುವ ಹಾಗಿಲ್ಲ. ಈ ರೋಗ ಸಹಜವಾಗಿ ಕಾಣಿಸುವ ಅತಿ ಹತ್ತಿರದ ಜೌಗು ಪ್ರದೇಶ ಅಲ್ಲಿಂದ ಸುಮಾರು 1,500 ಕಿಲೋಮೀಟರ್ ದೂರ. ಅಂದರೆ ಆ ಕಡ್ಡಿ ಹಿಡಿದವನು ಪೂರ್ವದ ಅಥವಾ ದಕ್ಷಿಣದ ಒದ್ದೆ ನಾಡಿನಿಂದ ಹೊಟ್ಟೆಯಲ್ಲಿ ಹುಳು ಹೊತ್ತುಕೊಂಡೇ ಅಷ್ಟು ದೂರ ಬಂದಿದ್ದ. ರೇಷ್ಮೆ ದಾರಿಯಲ್ಲಿ ಸರಕಿನ ಜೊತೆ ರೋಗಗಳೂ ಓಡಾಡಿದವು ಅಂತ ಇತಿಹಾಸಕಾರರು ಬಹಳ ಕಾಲದಿಂದ ಊಹಿಸುತ್ತಿದ್ದರು. ಗಟ್ಟಿ ಸಾಕ್ಷಿ ಕೊಟ್ಟಿದ್ದು ಕಕ್ಕಸಿನ ಕಡ್ಡಿ.

ಮನೆಯಲ್ಲಿರುವವರಿಗೆ ಚೊಕ್ಕವಾಗಿರುವುದು ಅಂದರೆ ನೀರು. ದಾರಿಯಲ್ಲಿರುವವರಿಗೆ ಆ ಭಾಗ್ಯ ಇರಲಿಲ್ಲ. ಕುಡಿಯಲು ಹೊತ್ತ ನೀರಿನಲ್ಲಿ ಸ್ನಾನ ಮಾಡುವ ಪೆದ್ದ ಯಾರಿದ್ದಾನೆ? ಹಾಗಾಗಿ ಹಳೆಯ ಪ್ರಯಾಣಿಕರ ಚೀಲದಲ್ಲಿದ್ದ ಸಾಮಾನನ್ನೆಲ್ಲ ಒಂದು ಕಡೆ ಹರಡಿ ನೋಡಿದರೆ ತೊಳೆಯುವ ವಸ್ತು ಕಡಿಮೆ. ಕೆರೆಯುವುದು, ಬಾಚುವುದು, ಕೀಳುವುದು, ಒರೆಸುವುದು, ಸೋಸುವುದು ಜಾಸ್ತಿ. ನೀರಿಲ್ಲದೆ ಕೊಳೆ ತೆಗೆಯುವುದು ಹೇಗೆ ಅನ್ನುವ ಒಂದೇ ಪ್ರಶ್ನೆಗೆ ಬೇರೆ ಬೇರೆ ನಾಡಿನವರು ಹುಡುಕಿಕೊಂಡ ಉತ್ತರಗಳು ಇವು. ಕೆಲವು ಉತ್ತರ ಇವತ್ತಿನ ವಿಜ್ಞಾನಕ್ಕೂ ಸರಿ. ಕೆಲವು ಮಾತ್ರ ಶುದ್ಧ ಅಪಾಯ.

ಬಾಚಣಿಗೆಯನ್ನೇ ತೆಗೆದುಕೊಳ್ಳಿ. ಅದು ಅಲಂಕಾರದ ವಸ್ತು ಅಂದುಕೊಂಡಿದ್ದೇವೆ. ಹಳೆಯ ಕಾಲದಲ್ಲಿ ಅದರ ಮೊದಲ ಕೆಲಸ ಹೇನು ತೆಗೆಯುವುದು. ಇಸ್ರೇಲಿನ ಲಾಕಿಶ್ ಎಂಬ ಪುರಾತನ ನಗರದ ಅಗೆತದಲ್ಲಿ 2016ರಲ್ಲಿ ಒಂದು ಪುಟ್ಟ ದಂತದ ಬಾಚಣಿಗೆ ಸಿಕ್ಕಿತು. ಅಳತೆ ಸುಮಾರು ಮೂರೂವರೆ ಸೆಂಟಿಮೀಟರ್‌ಗೆ ಎರಡೂವರೆ, ಅಷ್ಟೇ. ಒಂದು ಬದಿಯಲ್ಲಿ ಆರು ದಪ್ಪ ಹಲ್ಲು, ಇನ್ನೊಂದು ಬದಿಯಲ್ಲಿ ಹದಿನಾಲ್ಕು ಸಣ್ಣ ಹಲ್ಲು. ಅದರ ಮೇಲೆ ಗೀರಿದ ಅಕ್ಷರಗಳಿವೆ ಅಂತ ಐದು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 2022ರಲ್ಲಿ ಓದಿ ಪ್ರಕಟಿಸಿದರು. ಆ ಸೀಮೆಗೆ ಆಗ ಕಾನಾನ್ ಅಂತ ಹೆಸರು. ಅಲ್ಲಿನ ಭಾಷೆಯ 17 ಅಕ್ಷರ, 7 ಪದ. ಅರ್ಥ ಇಷ್ಟೇ: ತಲೆಗೂದಲಿನ, ಗಡ್ಡದ ಹೇನನ್ನು ಈ ದಂತ ಕಿತ್ತುಹಾಕಲಿ. ಕ್ರಿ.ಪೂ. 1700ರ ಆಸುಪಾಸಿನದು ಅಂತ ಲೆಕ್ಕ ಹಾಕಿದ್ದಾರೆ. ಆ ವರ್ಣಮಾಲೆಯಲ್ಲಿ ಬರೆದ ಪೂರ್ತಿ ವಾಕ್ಯ ಅಂತ ನಮಗೆ ಸಿಕ್ಕಿರುವ ಅತಿ ಹಳೆಯದು ಇದೇ. ರಾಜರ ಹೊಗಳಿಕೆಯಲ್ಲ, ದೇವರ ಸ್ತೋತ್ರವಲ್ಲ, ಹೇನಿಗೆ ಹಾಕಿದ ಶಾಪ! ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದರ ಹಲ್ಲಿನ ಸಂದಿಯಲ್ಲಿ ಮರಿಹೇನಿನ ಚಿಪ್ಪಿನ ಚೂರೂ ಕಂಡಿತು. ಕಾನಾನಿನಲ್ಲಿ ಆಗ ಆನೆ ಇರಲಿಲ್ಲ. ದಂತವೂ ಹೊರಗಿನಿಂದ ಪ್ರಯಾಣ ಮಾಡಿಕೊಂಡೇ ಬಂದಿದ್ದು.

ಎರಡು ಬದಿಗೆ ಎರಡು ಥರದ ಹಲ್ಲು ಯಾಕೆ? ದಪ್ಪ ಹಲ್ಲು ಸಿಕ್ಕು ಬಿಡಿಸುವುದಕ್ಕೆ. ಸಣ್ಣ ಹಲ್ಲು ಹೇನು, ಸೀರು ತೆಗೆಯುವುದಕ್ಕೆ. ದೊಡ್ಡ ಹೇನು ಎರಡು ಮೂರು ಮಿಲಿಮೀಟರ್ ಉದ್ದ ಇರುತ್ತದೆ, ಸುಲಭವಾಗಿ ಸಿಕ್ಕಿಬೀಳುತ್ತದೆ. ಸೀರು ಹಾಗಲ್ಲ. ಅದರ ಅಗಲ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ ಇದ್ದರೆ ಹೆಚ್ಚು. ಹೇನು ಅದನ್ನು ಕೂದಲಿಗೆ ಗಟ್ಟಿ ಅಂಟಿನಿಂದ ಕಚ್ಚಿಸಿ ಹೋಗಿರುತ್ತದೆ. ತಲೆಗೆ ಎಷ್ಟು ನೀರು ಸುರಿದರೂ ಆ ಅಂಟು ಬಿಡುವುದಿಲ್ಲ. ಹಾಗಾಗಿ ಇಲ್ಲಿ ನೀರಿಗಿಂತ ಸೀರಣಿಗೆಯೇ ಮೇಲು. ಇವತ್ತು ಔಷಧಿ ಅಂಗಡಿಯಲ್ಲಿ ಸಿಗುವ ಲೋಹದ ಸೀರಣಿಗೆಯೂ ಇದೇ ಲೆಕ್ಕದ ಮೇಲೆ ನಡೆಯುತ್ತದೆ.

ಸಣ್ಣ ಹಲ್ಲು ಕೊರೆಯುವುದು ಕಷ್ಟವಲ್ಲ, ಅದು ಮುರಿಯದ ಹಾಗೆ ಕೊರೆಯುವುದು ಕಷ್ಟ. ಸುಮಾರು ಸಾವಿರ ವರ್ಷದ ಹಿಂದೆ ಉತ್ತರ ಯುರೋಪಿನಿಂದ ಹಡಗೇರಿ ವ್ಯಾಪಾರ, ದಾಳಿ ಮಾಡುತ್ತಿದ್ದ ವೈಕಿಂಗರ ಕುಶಲಕರ್ಮಿಗಳು ಇದನ್ನು ಬಿಡಿಸಿದ ರೀತಿ ನನಗೆ ತುಂಬ ಇಷ್ಟ. ಅವರ ಕಚ್ಚಾವಸ್ತು ಸಾರಂಗದ ಕೊಂಬು. ವರ್ಷಕ್ಕೊಮ್ಮೆ ತಾನಾಗಿ ಉದುರುವ ಕೊಂಬನ್ನು ಕಾಡಿನಲ್ಲಿ ಆರಿಸಿ ತರಬಹುದಿತ್ತು. ಆದರೆ ಕೊಂಬಿನ ಎಳೆ ಉದ್ದಕ್ಕೆ ಓಡುತ್ತದೆ. ಹಲ್ಲು ಎಳೆಯ ದಿಕ್ಕಿಗೇ ಇರಬೇಕು, ಅಡ್ಡ ಕೊರೆದರೆ ಲಟಕ್ಕನೆ ಮುರಿಯುತ್ತದೆ. ಎಳೆಯ ದಿಕ್ಕಿಗೆ ಕೊರೆಯೋಣ ಅಂದರೆ ಒಂದು ಇಡೀ ಬಾಚಣಿಗೆಗೆ ಸಾಲುವಷ್ಟು ಅಗಲ ಕೊಂಬಿಗಿಲ್ಲ. ಅದಕ್ಕೆ ಕೊಂಬನ್ನು ಪುಟ್ಟ ಪುಟ್ಟ ಬಿಲ್ಲೆ ಮಾಡಿ, ಎಳೆ ಎಲ್ಲ ಒಂದೇ ದಿಕ್ಕಿಗೆ ಬರುವಂತೆ ಸಾಲಾಗಿ ಜೋಡಿಸಿ, ಆಚೆ ಈಚೆ ಎರಡು ಉದ್ದ ಪಟ್ಟಿ ಇಟ್ಟು ಮೊಳೆಯಿಂದ ಬಿಗಿಯುತ್ತಿದ್ದರು. ಹಲ್ಲು ಕೊರೆಯುತ್ತಿದ್ದುದು ಆಮೇಲೆ. ಸಂಗ್ರಹಾಲಯದಲ್ಲಿ ಇಂಥ ಬಾಚಣಿಗೆ ಕಂಡರೆ ಪಕ್ಕದ ಪಟ್ಟಿಯ ಅಂಚನ್ನು ನೋಡಿ. ಗರಗಸ ಒಂದಿಷ್ಟು ಜಾಸ್ತಿ ಇಳಿದು ಬಿಟ್ಟ ಸಣ್ಣ ಸಣ್ಣ ಕಚ್ಚುಗಳು ಸಾಲಾಗಿ ಕಾಣುತ್ತವೆ. ಹಡಗಿನಲ್ಲಿ ಹೋಗುವಾಗ ಹಲ್ಲು ಮುರಿಯದಿರಲಿ ಅಂತ ಇದಕ್ಕೆ ಕೊಂಬಿನದೇ ಒರೆಯೂ ಇರುತ್ತಿತ್ತು.

ಈ ವೈಕಿಂಗರ ಚೊಕ್ಕತನದ ಬಗ್ಗೆ ಎರಡು ಸಾಕ್ಷಿ ಇವೆ, ಒಂದಕ್ಕೊಂದು ತದ್ವಿರುದ್ಧ. 13ನೇ ಶತಮಾನದ ಇಂಗ್ಲಿಷ್ ಸನ್ಯಾಸಿಯೊಬ್ಬ, ಈ ಡೇನರು (ಡೆನ್ಮಾರ್ಕಿನ ವೈಕಿಂಗರು) ದಿನಾ ತಲೆ ಬಾಚುತ್ತಾರೆ, ಶನಿವಾರ ಶನಿವಾರ ಸ್ನಾನ ಮಾಡುತ್ತಾರೆ, ಆಗಾಗ ಬಟ್ಟೆ ಬದಲಿಸುತ್ತಾರೆ, ಹೀಗೆ ಮಾಡಿ ನಮ್ಮ ಹೆಂಗಸರ ಮನಸ್ಸು ಕೆಡಿಸಿದರು ಅಂತ ಬರೆದ. ಅದಕ್ಕೂ ಮುಂಚೆ, 922ರ ಹೊತ್ತಿಗೆ, ಬಾಗ್ದಾದಿನ ಖಲೀಫನ ದೂತನಾಗಿ ವೋಲ್ಗಾ ನದಿಯ ಕಡೆ ಹೋಗಿದ್ದ ಇಬ್ನ್ ಫದ್ಲಾನ್ ಅಲ್ಲಿ ವೈಕಿಂಗರದೇ ಒಂದು ಗುಂಪಾದ ರೂಸ್ ವ್ಯಾಪಾರಿಗಳನ್ನು ಕಂಡ. ಬೆಳಗಾದರೆ ಒಂದು ದೊಡ್ಡ ಬೋಗುಣಿಯಲ್ಲಿ ನೀರು ಬರುತ್ತದೆ. ಯಜಮಾನ ಅದರಲ್ಲೇ ಕೈ, ಮುಖ, ಕೂದಲು ತೊಳೆದು, ಅದರ ಮೇಲೇ ತಲೆ ಬಾಚಿ, ಅದರೊಳಗೇ ಮೂಗು ಸೀಟಿ, ಉಗಿದು, ಪಕ್ಕದವನಿಗೆ ದಾಟಿಸುತ್ತಾನೆ. ಅವನೂ ಅಷ್ಟೇ ಮಾಡುತ್ತಾನೆ. ಕಡೆಯವನ ತನಕ ಅದೇ ನೀರು. ಹರಿಯುವ ನೀರಿನಲ್ಲಿ ಕೈಕಾಲು ತೊಳೆದು ರೂಢಿಯಿದ್ದ ಇಬ್ನ್ ಫದ್ಲಾನ್‌ಗೆ ಹೇಸಿಗೆ ಹತ್ತಿತು. ಇಬ್ಬರ ಮಾತೂ ನಿಜ ಇರಬಹುದು. ಬಾಚಣಿಗೆ ಎಷ್ಟೇ ಚೆನ್ನಾಗಿದ್ದರೂ ಬೋಗುಣಿ ಹಂಚಿಕೊಂಡರೆ ಕೆಲಸ ಕೆಟ್ಟಿತು.

ಮರದ ಬಾಚಣಿಗೆಯ ಕಥೆಯೂ ಸ್ವಲ್ಪ ಇದೆ. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಯುದ್ಧನೌಕೆ ಮೇರಿ ರೋಸ್ 1545ರಲ್ಲಿ ದಡದ ಹತ್ತಿರವೇ ಮುಳುಗಿತು. 1982ರಲ್ಲಿ ಅದನ್ನು ಮೇಲೆತ್ತಿದರು. ಅದರ ಸಾಮಾನಿನಲ್ಲಿ ಸಿಕ್ಕ ಬಾಚಣಿಗೆಗಳೇ 80ಕ್ಕೂ ಜಾಸ್ತಿ. ಹೆಚ್ಚಿನವು ಬಾಕ್ಸ್‌ವುಡ್ ಎಂಬ ಮರದವು. ಆ ಮರ ನಿಧಾನಕ್ಕೆ ಬೆಳೆಯುತ್ತದೆ, ಎಳೆ ಬಹಳ ಒತ್ತಾಗಿರುತ್ತದೆ, ಹಾಗಾಗಿ ತೆಳ್ಳನೆಯ ಹಲ್ಲೂ ತಡೆದುಕೊಳ್ಳುತ್ತದೆ. ನಾವಿಕರ ಜೊತೆ ಅವರ ಹೇನುಗಳೂ ಮುಳುಗಿ, ಬಾಚಣಿಗೆಯಲ್ಲೇ ಉಳಿದು ಮೇಲೆ ಬಂದವು.

ಮೇರಿ ರೋಸ್‌ನಲ್ಲಿ ಕಿವಿಯ ಗುಗ್ಗೆ ತೆಗೆಯುವ ಸಣ್ಣ ಸೌಟೂ ಸಿಕ್ಕಿತು. ರೋಮನರು ಇದನ್ನು, ಒಂದು ಚಿಮಟ ಮತ್ತು ಉಗುರಿನ ಕೊಳೆ ತೆಗೆಯುವ ಕಡ್ಡಿಯ ಜೊತೆ ಒಂದೇ ಬಳೆಗೆ ಪೋಣಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಬ್ರಿಟನ್ನಿನ ರೋಮನ್ ನೆಲೆಗಳಲ್ಲಿ ಇಂಥ ಗೊಂಚಲು ಬೇಕಾದಷ್ಟು ಸಿಕ್ಕಿವೆ. ನೋಡಲು ಚೆಂದ. ಆದರೆ ನನ್ನ ಮಟ್ಟಿಗೆ ಇಡೀ ಚೀಲದಲ್ಲಿ ಬೇಡವೇ ಬೇಡದ ಸಾಮಾನು ಇದೊಂದೇ. ಕಿವಿ ತನ್ನನ್ನು ತಾನೇ ಚೊಕ್ಕ ಮಾಡಿಕೊಳ್ಳುತ್ತದೆ. ಕಿವಿಯ ಒಳಗಿನ ಚರ್ಮ ತಮಟೆಯ ಕಡೆಯಿಂದ ಹೊರಗಿನ ಕಡೆಗೆ ನಿಧಾನವಾಗಿ ಸರಿಯುತ್ತ ಗುಗ್ಗೆಯನ್ನು ತಾನೇ ಹೊರಕ್ಕೆ ತಳ್ಳುತ್ತದೆ. ಕೆದಕಿದರೆ ಗುಗ್ಗೆ ಇನ್ನೂ ಒಳಕ್ಕೆ ಹೋಗುತ್ತದೆ, ಕೈ ಜಾರಿದರೆ ತಮಟೆಯೇ ತೂತು.

ಇನ್ನು ಮೈ ಕೊಳೆ. ಗ್ರೀಕರು, ರೋಮನರು ಸೋಪಿನ ಬದಲು ಎಣ್ಣೆ ಬಳಸಿದರು. ಮೈಗೆ ಎಣ್ಣೆ ಹಚ್ಚಿ, ಸ್ಟ್ರಿಜಿಲ್ ಎಂಬ ಬಾಗಿದ ಲೋಹದ ಪಟ್ಟಿಯಿಂದ ಕೆರೆದು ತೆಗೆಯುವುದು. ನಮ್ಮ ಚರ್ಮದ ಜಿಡ್ಡು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಜಿಡ್ಡಿಗೆ ಅಂಟಿದ ಧೂಳು, ಬೆವರಿನ ಉಪ್ಪು, ಸತ್ತ ಚರ್ಮ ಎಲ್ಲ ಎಣ್ಣೆಯ ಜೊತೆ ಬರುತ್ತದೆ. ರಸಾಯನಶಾಸ್ತ್ರದ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ. ಪಾಂಪೇ ಊರಿನ ಅವಶೇಷದಲ್ಲಿ ಒಂದು ಬಳೆಗೆ ಸ್ಟ್ರಿಜಿಲ್‌ಗಳನ್ನೂ ಎಣ್ಣೆಯ ಕುಪ್ಪಿಯನ್ನೂ ನೇತುಹಾಕಿದ ಸೆಟ್ಟು ಸಿಕ್ಕಿದೆ. ಹೊತ್ತೊಯ್ಯಲು ಎಷ್ಟು ಅನುಕೂಲ! ಹೆಸರಾಂತ ಕುಸ್ತಿಪಟುಗಳ ಮೈಯಿಂದ ಕೆರೆದ ಆ ಎಣ್ಣೆಗೊಳಕನ್ನು ಔಷಧಿ ಅಂತ ಬಳಸುತ್ತಿದ್ದರಂತೆ ಅನ್ನುವುದನ್ನು ಮಾತ್ರ ಊಟದ ಹೊತ್ತಿನಲ್ಲಿ ನೆನಪಿಸಿಕೊಳ್ಳಬೇಡಿ.

ಇಷ್ಟು ಬುದ್ಧಿವಂತ ರೋಮನರೇ ಕಕ್ಕಸಿನ ವಿಷಯದಲ್ಲಿ ಎಡವಿದರು. ಕೋಲಿನ ತುದಿಗೆ ಸಿಕ್ಕಿಸಿದ ಸ್ಪಂಜು ಅವರ ಸಾರ್ವಜನಿಕ ಕಕ್ಕಸುಗಳಲ್ಲಿ ಇರುತ್ತಿತ್ತು. ತತ್ವಜ್ಞಾನಿ ಸೆನೆಕಾ ತನ್ನ ಪತ್ರವೊಂದರಲ್ಲಿ ಅದರ ಪ್ರಸ್ತಾಪ ಮಾಡುತ್ತಾನೆ. ಮೃಗಗಳ ಜೊತೆ ಕಾದಾಡಲು ಹಿಡಿದಿಟ್ಟಿದ್ದ ಒಬ್ಬ ಜರ್ಮನ್ ಕೈದಿ ಆ ಸ್ಪಂಜನ್ನೇ ಗಂಟಲಿಗೆ ತುರುಕಿಕೊಂಡು ಪ್ರಾಣ ಬಿಟ್ಟನಂತೆ, ಕಾವಲಿಲ್ಲದ ಜಾಗ ಅವನಿಗೆ ಅದೊಂದೇ ಸಿಕ್ಕಿದ್ದು. ಈ ಸ್ಪಂಜು ಮೈ ಒರೆಸಲೋ ಕಕ್ಕಸು ಉಜ್ಜಲೋ ಅನ್ನುವ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಅದು ಏನೇ ಇರಲಿ. ರೋಮ್ ಸಾಮ್ರಾಜ್ಯದ ಅವಶೇಷಗಳಲ್ಲಿ ಸಿಕ್ಕ ಪರೋಪಜೀವಿಗಳನ್ನು ಕೇಂಬ್ರಿಜ್ ಸಂಶೋಧಕ ಪಿಯರ್ಸ್ ಮಿಚೆಲ್ 2016ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಸ್ನಾನಗೃಹ, ಚರಂಡಿ, ಕಕ್ಕಸು ಎಲ್ಲ ಬಂದಮೇಲೂ ಹೊಟ್ಟೆಹುಳು ಕಡಿಮೆಯಾದ ಸುಳಿವು ಸಿಗಲಿಲ್ಲ. ಹೇನು, ಚಿಗಟವೂ ಸ್ನಾನದ ಹುಚ್ಚಿಲ್ಲದ ನಂತರದ ಕಾಲದಷ್ಟೇ ಇದ್ದವು. ಕಟ್ಟಡ ಭರ್ಜರಿ ಇದ್ದರೆ ಸಾಲದು. ಒಬ್ಬರ ಕೊಳೆ ಇನ್ನೊಬ್ಬರಿಗೆ ತಗಲದ ಹಾಗೆ ನೋಡಿಕೊಳ್ಳಬೇಕು.

ಈ ಒಂದು ವಿಷಯವನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಊರೂರು ಅಲೆಯುವ ಬೌದ್ಧ ಭಿಕ್ಷುಗಳು ಅಂತ ನನಗನ್ನಿಸುತ್ತದೆ. ಚೀನಾದ ಭಿಕ್ಷು ಇತ್ಸಿಂಗ್ 671ರಲ್ಲಿ ಹಡಗು ಹತ್ತಿ ಭಾರತಕ್ಕೆ ಹೊರಟ. ನಳಂದದಲ್ಲಿ ಹತ್ತು ವರ್ಷದಷ್ಟು ಕಾಲ ಓದಿದ. ವಾಪಸು ಹೋಗುವ ದಾರಿಯಲ್ಲಿ ಸುಮಾತ್ರಾದ ಶ್ರೀವಿಜಯದಲ್ಲಿ ಕೂತು, ಭಿಕ್ಷುಗಳು ದಿನನಿತ್ಯ ಹೇಗಿರಬೇಕು ಅಂತ ಒಂದು ವರದಿ ಬರೆದು 692ರಲ್ಲಿ ಊರಿಗೆ ಕಳಿಸಿದ. ಅದರಲ್ಲಿ ಧರ್ಮದಷ್ಟೇ ಜಾಗವನ್ನು ಹಲ್ಲು, ನಾಲಿಗೆ, ಕಕ್ಕಸು, ನೀರಿನ ಪಾತ್ರೆಗಳೂ ಪಡೆದಿವೆ.

ಹಲ್ಲುಜ್ಜುವ ಕಡ್ಡಿಯ ವಿವರವನ್ನೇ ನೋಡಿ. ಉದ್ದ ಹೆಚ್ಚೆಂದರೆ ಹನ್ನೆರಡು ಬೆರಳು, ಕಡಿಮೆ ಎಂದರೆ ಎಂಟು. ದಪ್ಪ ಕಿರುಬೆರಳಿನಷ್ಟು. ಒಂದು ತುದಿಯನ್ನು ಮೆಲ್ಲಗೆ, ಚೆನ್ನಾಗಿ ಅಗಿದು ನಾರು ಮಾಡಿ ಹಲ್ಲುಜ್ಜಬೇಕು. ಹಿರಿಯರು ಎದುರಾದರೆ ಎಡಗೈಯಿಂದ ಬಾಯಿ ಮುಚ್ಚಿಕೊಳ್ಳಬೇಕು. ಆಮೇಲೆ ಕಡ್ಡಿಯನ್ನು ಸೀಳಿ, ಬಗ್ಗಿಸಿ ನಾಲಿಗೆ ಕೆರೆದುಕೊಳ್ಳಬೇಕು. ಬಿಸಾಡುವ ಮೊದಲು ಅದನ್ನೂ ತೊಳೆಯಬೇಕು. ಒಂದೇ ಕಡ್ಡಿಯಲ್ಲಿ ಬ್ರಷ್ಷೂ ಆಯಿತು, ನಾಲಿಗೆ ಕೆರೆಯುವ ಪಟ್ಟಿಯೂ ಆಯಿತು. ಬಳಸಿ ಎಸೆಯುವುದರಿಂದ ಮರುದಿನಕ್ಕೆ ಅದರಲ್ಲಿ ಸೂಕ್ಷ್ಮಜೀವಿ ಬೆಳೆಯುವ ಮಾತೇ ಇಲ್ಲ. ಯುರೋಪಿನ ಶ್ರೀಮಂತರ ಪ್ರಾಣಿಕೂದಲಿನ ಬ್ರಷ್ಷಿಗೆ ಈ ಅನುಕೂಲ ಇರಲಿಲ್ಲ. ಅಂಥ ಕೂದಲು ಬೇಗ ಒಣಗುವುದಿಲ್ಲ, ಅದರೊಳಗೆ ಬ್ಯಾಕ್ಟೀರಿಯಾ ಮನೆಮಾಡಿಕೊಳ್ಳುತ್ತದೆ. 1938ರಲ್ಲಿ ನೈಲಾನ್ ಎಳೆಯ ಬ್ರಷ್ ಬಂದಮೇಲೆ ಆ ತಾಪತ್ರಯ ಕಡಿಮೆಯಾಯಿತು.

ಇನ್ನೂ ಮುಖ್ಯವಾದದ್ದು ಎರಡು ನೀರಿನ ಪಾತ್ರೆ. ಕುಡಿಯುವ ನೀರಿಗೆ ಮಣ್ಣಿನ ಅಥವಾ ಪಿಂಗಾಣಿಯ ಗಿಂಡಿ. ಶೌಚಕ್ಕೆ ತಾಮ್ರದ ಅಥವಾ ಕಬ್ಬಿಣದ ಇನ್ನೊಂದು. ಮೊದಲನೆಯದನ್ನು ಚೊಕ್ಕ ಕೈಯಲ್ಲೇ ಹಿಡಿಯಬೇಕು, ಚೊಕ್ಕ ಜಾಗದಲ್ಲೇ ಇಡಬೇಕು. ಎರಡನೆಯದಕ್ಕೆ ಬೇರೆ ಕೈ, ಬೇರೆ ಜಾಗ. ಪಾತ್ರೆಯ ವಸ್ತುವೇ ಬೇರೆ ಇದ್ದಮೇಲೆ ಕತ್ತಲಲ್ಲಿ ಮುಟ್ಟಿದರೂ ಯಾವುದು ಯಾವುದು ಅಂತ ಗೊತ್ತಾಗುತ್ತದೆ. ಆ ಕಾಲಕ್ಕೆ ಸೂಕ್ಷ್ಮಜೀವಿಯ ಕಲ್ಪನೆ ಇರಲಿಲ್ಲ, ಅವರಿಗೆ ಇದು ಶುದ್ಧಿ ಮತ್ತು ಶಿಸ್ತಿನ ವಿಷಯ. ಆದರೂ ಮಲದಿಂದ ಬಾಯಿಗೆ ರೋಗ ಹೋಗುವ ದಾರಿಯನ್ನು ನಡುವೆಯೇ ಕಡಿದು ಹಾಕುವ ವ್ಯವಸ್ಥೆ ಇದು. ಇವತ್ತು ಆಸ್ಪತ್ರೆಯಲ್ಲಿ ಬೇರೆ ಬೇರೆ ಬಣ್ಣದ ಬಕೆಟ್ಟು, ಬಟ್ಟೆ ಇಡುವುದರ ಹಿಂದಿನ ತರ್ಕವೂ ಇದೇ.

ಭಿಕ್ಷುವಿನ ಚೀಲದಲ್ಲಿ ನೀರು ಸೋಸುವ ಬಟ್ಟೆಯೂ ಇರಲೇಬೇಕಿತ್ತು. ಅದನ್ನು ಬಿಟ್ಟು ಪ್ರಯಾಣ ಹೊರಡುವ ಹಾಗೇ ಇರಲಿಲ್ಲ. ಉದ್ದೇಶ ತನ್ನ ಆರೋಗ್ಯವಲ್ಲ, ನೀರಿನಲ್ಲಿರುವ ಹುಳಹುಪ್ಪಟೆ ಸಾಯಬಾರದು ಅಂತ. ಸೋಸಿದ ಮೇಲೆ ಬಟ್ಟೆಗೆ ಅಂಟಿದ ಜೀವಿಗಳನ್ನು ಜೋಪಾನವಾಗಿ ನೀರಿಗೇ ಬಿಡಬೇಕಿತ್ತು. ಆದರೆ ನೀರಿನಲ್ಲಿರುವ ಆ ಪುಟ್ಟ ಜೀವಿಗಳ ಮೈಮೇಲೆ ಕಾಲರಾದ ಬ್ಯಾಕ್ಟೀರಿಯಾ ಗುಂಪುಗುಂಪಾಗಿ ಅಂಟಿಕೊಂಡಿರುತ್ತದೆ ಅಂತ 20ನೇ ಶತಮಾನದಲ್ಲಿ ಗೊತ್ತಾಯಿತು. ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ 65 ಹಳ್ಳಿಗಳಲ್ಲಿ ಅಧ್ಯಯನ ನಡೆಸಿ, ಅವುಗಳಲ್ಲಿ ಕೆಲವು ಹಳ್ಳಿಯವರಿಗೆ ಹಳೆಯ ಸೀರೆಯನ್ನು ನಾಲ್ಕು ಪದರ ಮಡಿಸಿ ನೀರು ಸೋಸಲು ಹೇಳಿಕೊಟ್ಟರು. 2003ರಲ್ಲಿ ಬಂದ ಫಲಿತಾಂಶದ ಪ್ರಕಾರ ಕಾಲರಾ 48% ಇಳಿಯಿತು. ಹೊಸ ಸೀರೆಗಿಂತ ಹಳೆಯದೇ ಮೇಲು. ಒಗೆದು ಒಗೆದು ನೂಲು ಬಿಚ್ಚಿಕೊಂಡು ತೂತು ಸಣ್ಣದಾಗಿರುತ್ತದೆ. ನಾರುಹುಳು ರೋಗದ ವಿರುದ್ಧದ ಹೋರಾಟದಲ್ಲೂ ಸೋಸುವುದೇ ದೊಡ್ಡ ಅಸ್ತ್ರವಾಯಿತು. ಆಫ್ರಿಕಾದಲ್ಲಿ ದನ ಅಟ್ಟಿಕೊಂಡು ಅಲೆಯುವವರಿಗೆ ಕೊರಳಿಗೆ ನೇತುಹಾಕಿಕೊಳ್ಳುವ ಕೊಳವೆ ಕೊಟ್ಟರು. ತುದಿಯಲ್ಲಿ ಜಾಲರಿ ಇರುತ್ತದೆ, ಹೊಂಡದ ನೀರನ್ನು ಅದರಲ್ಲೇ ಹೀರಿ ಕುಡಿಯಬಹುದು. 1986ರಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಇದ್ದ ರೋಗಿಗಳು 2024ರಲ್ಲಿ 15 ಮಂದಿ.

ಹೇನಿನ ಮಾತು ಇನ್ನೂ ಮುಗಿದಿಲ್ಲ. ತಲೆಹೇನು ಕಿರಿಕಿರಿ ಮಾಡುತ್ತದೆ, ಅಷ್ಟೇ. ಪ್ರಾಣ ತೆಗೆದದ್ದು ಮೈಹೇನು. ಅದು ಇರುವುದು ಮೈಮೇಲಲ್ಲ, ಬಟ್ಟೆಯ ಹೊಲಿಗೆ ಸಂದಿಯಲ್ಲಿ. ರಕ್ತ ಹೀರಲು ಮಾತ್ರ ಮೈಗೆ ಬಂದು ವಾಪಸು ಹೋಗುತ್ತದೆ. ಬಾಚಣಿಗೆ, ಸ್ಟ್ರಿಜಿಲ್, ಸ್ನಾನ ಯಾವುದೂ ಅದರ ಮುಂದೆ ನಡೆಯುವುದಿಲ್ಲ, ಮಿಂದು ಬಂದು ಅದೇ ಅಂಗಿ ತೊಟ್ಟರೆ ಕಥೆ ಮೊದಲಿನಿಂದ ಶುರು. ಟೈಫಸ್ ಜ್ವರ ಹರಡುವುದು ಇದರಿಂದಲೇ ಅಂತ 1909ರಲ್ಲಿ ತೋರಿಸಿಕೊಟ್ಟವನು ಟ್ಯೂನಿಸ್‌ನಲ್ಲಿದ್ದ ಫ್ರೆಂಚ್ ವೈದ್ಯ ಶಾರ್ಲ್ ನಿಕೋಲ್. ಅವನಿಗೆ ಹೊಳೆದದ್ದು ಆಸ್ಪತ್ರೆಯ ಬಾಗಿಲಲ್ಲಿ. ಟೈಫಸ್ ರೋಗಿಗಳಿಂದ ಬೀದಿಯವರಿಗೆ ಹರಡುತ್ತಿತ್ತು, ಅವರ ಬಟ್ಟೆ ಮುಟ್ಟಿದ ಸಿಬ್ಬಂದಿಗೂ ತಗಲುತ್ತಿತ್ತು. ಆದರೆ ಮೈ ತೊಳೆಸಿ ಆಸ್ಪತ್ರೆಯ ಬಟ್ಟೆ ಹಾಕಿ ಒಳಗೆ ಮಲಗಿಸಿದ ಮೇಲೆ ಪಕ್ಕದ ಹಾಸಿಗೆಯವರಿಗೆ ಹರಡುತ್ತಿರಲಿಲ್ಲ. ಅಂದರೆ ರೋಗ ಹೊತ್ತದ್ದು ಬಾಗಿಲಲ್ಲೇ ಕಳಚಿ ಉಳಿದುಹೋಗುತ್ತಿತ್ತು. ಈ ಕೆಲಸಕ್ಕೆ 1928ರಲ್ಲಿ ನೊಬೆಲ್ ಬಂತು.

ನೆಪೋಲಿಯನ್ ಬೋನಪಾರ್ಟ್‌ನ ಹಲ್ಲುಜ್ಜುವ ಬ್ರಷ್ ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿದೆ. ಚಿನ್ನದ ಲೇಪ ಹಾಕಿದ ಬೆಳ್ಳಿಯ ಹಿಡಿ, ಕುದುರೆ ಕೂದಲಿನ ಎಳೆ. ದಂಡಯಾತ್ರೆಗೆ ಹೋಗುವಾಗ ಅವನ ಜೊತೆ ಬಿಯೆನೆ ಎಂಬ ಹೆಸರಾಂತ ಕುಶಲಕರ್ಮಿ ಮಾಡಿಕೊಟ್ಟ ಪೆಟ್ಟಿಗೆಗಳು ಇರುತ್ತಿದ್ದವು. ಕ್ಷೌರದ ಕತ್ತಿ, ಬಟ್ಟಲು, ಕುಪ್ಪಿ, ಕತ್ತರಿ, ಒಂದೊಂದಕ್ಕೂ ಅಳತೆಗೆ ಕೊರೆದ ಗೂಡು. ಅದೇ ನೆಪೋಲಿಯನ್‌ನ ಸೈನಿಕರು 1812ರಲ್ಲಿ ರಷ್ಯಾದಿಂದ ಹಿಮ್ಮೆಟ್ಟುವಾಗ ಚಳಿ, ಹಸಿವು, ಜ್ವರಕ್ಕೆ ಸಿಕ್ಕಿ ಸಾವಿರಗಟ್ಟಲೆ ಸತ್ತರು. ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ 2001ರಲ್ಲಿ ಅವರ ಸಾಮೂಹಿಕ ಸಮಾಧಿ ಬಯಲಾಯಿತು. ಅಲ್ಲಿನ ಮಣ್ಣಿನಲ್ಲಿ ಮೈಹೇನಿನ ತುಂಡುಗಳು ಸಿಕ್ಕವು. ಆ ಹೇನಿನೊಳಗೆ, ಮೈಹೇನಿನಿಂದಲೇ ಹರಡುವ ಕಂದಕ ಜ್ವರ ಎಂಬ ರೋಗದ ಬ್ಯಾಕ್ಟೀರಿಯಾದ ಡಿಎನ್‌ಎ ಇನ್ನೂ ಇತ್ತು. ದೊರೆಗೆ ಬೆಳ್ಳಿಯ ಬ್ರಷ್ ಇತ್ತು. ಸೈನಿಕನಿಗೆ ಬದಲಿಸಲು ಇನ್ನೊಂದು ಅಂಗಿ ಇರಲಿಲ್ಲ.

ಮೈಹೇನಿಗೆ ಮದ್ದು ಬಟ್ಟೆ ಬದಲಿಸುವುದು, ಇಲ್ಲವೇ ಬಿಸಿ ತಾಗಿಸುವುದು. ರಕ್ತ ಸಿಗದಿದ್ದರೆ ಈ ಹೇನು ಒಂದು ವಾರ ಬದುಕುವುದೂ ಕಷ್ಟ. ಮೊದಲನೇ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರು ಅಂಗಿ ಬಿಚ್ಚಿ, ಹೊಲಿಗೆಯ ಉದ್ದಕ್ಕೂ ಮೇಣದಬತ್ತಿಯ ಉರಿ ಓಡಿಸುತ್ತಿದ್ದರು. ಸೀರು ಚಟಪಟ ಅನ್ನುತ್ತಿತ್ತು. ಅಂಗಿ ಸುಡದ ಹಾಗೆ ಸೀರು ಸುಡುವುದು ಕೈಚಳಕದ ಕೆಲಸ. ಇದೇ ಯುದ್ಧ ಅಮೆರಿಕದ ಸೈನಿಕರಿಗೆ ಜಿಲೆಟ್‌ನ ಬ್ಲೇಡ್ ಬದಲಿಸುವ ರೇಜರ್ ಕೊಡಿಸಿತು, ಸರ್ಕಾರ ಸುಮಾರು 35 ಲಕ್ಷ ರೇಜರ್ ಕೊಂಡುಕೊಂಡಿತು. ವಿಷಾನಿಲದ ಮುಖವಾಡ ಕೆನ್ನೆಗೆ ಬಿಗಿಯಾಗಿ ಕೂರಬೇಕಾದರೆ ಗಡ್ಡ ಇರಕೂಡದು.

ರಾಜಮನೆತನದ ಪ್ರಯಾಣದ ಪೆಟ್ಟಿಗೆ ಒಮ್ಮೆ ರಹಸ್ಯವನ್ನೇ ಬಯಲಿಗೆ ತಂದಿತು. ಫ್ರೆಂಚ್ ಕ್ರಾಂತಿಯ ಹೊತ್ತಿನಲ್ಲಿ ರಾಣಿ ಮೇರಿ ಆಂಟಾಯ್‌ನೆಟ್ ಗುಟ್ಟಾಗಿ ತಪ್ಪಿಸಿಕೊಳ್ಳುವ ಯೋಜನೆ ಹಾಕಿದ್ದಳು. ಆದರೆ ತನ್ನ ಶೃಂಗಾರ ಪೆಟ್ಟಿಗೆ ಬಿಟ್ಟು ಹೋಗಲು ಒಪ್ಪಲಿಲ್ಲ. ಅಕ್ಕನಿಗೆ ಉಡುಗೊರೆ ಅಂತ ನೆಪ ಹೇಳಿ ಅಂಥದ್ದೇ ಇನ್ನೊಂದನ್ನು ಬ್ರಸೆಲ್ಸ್‌ಗೆ ಕಳಿಸುವ ಏರ್ಪಾಡು ಮಾಡಿದಳು. ಅವಳ ಸೇವೆಯಲ್ಲಿದ್ದ ಮದಾಮ್ ಕಾಂಪಾನ್ ನೆನಪಿನಿಂದ ಬರೆದಿರುವ ಪ್ರಕಾರ, ಉಡುಪಿನ ಕೋಣೆಯ ಹೆಂಗಸೊಬ್ಬಳಿಗೆ ಇದರಿಂದಲೇ ಅನುಮಾನ ಬಂತು. 1791ರ ಜೂನ್‌ನಲ್ಲಿ ರಾಜಕುಟುಂಬ ವರೆನ್ ಎಂಬ ಊರಿನಲ್ಲಿ ಸಿಕ್ಕಿಬಿತ್ತು. ಸಿಕ್ಕಿಬೀಳಲು ಬೇರೆ ಕಾರಣಗಳೂ ಇದ್ದವು, ಪೆಟ್ಟಿಗೆಯೊಂದನ್ನೇ ದೂರಬಾರದು.

ಸಮುದ್ರದ ಕಥೆ ಉಲ್ಟಾ. ಅಲ್ಲಿ ಸುತ್ತ ನೀರೋ ನೀರು, ತೊಳೆಯಲು ಮಾತ್ರ ಬರುವುದಿಲ್ಲ. ಕೊಬ್ಬಿನಿಂದ ಮಾಡಿದ ಮಾಮೂಲಿ ಸೋಪು ಸಮುದ್ರದ ನೀರಿನಲ್ಲಿ ನೊರೆ ಕೊಡುವುದಿಲ್ಲ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಕೆನೆಯಂಥ ಕೊಳೆ ಕಟ್ಟುತ್ತದೆ. ಜೊತೆಗೆ ಉಪ್ಪು ಸೋಪನ್ನು ಕರಗಗೊಡುವುದಿಲ್ಲ. ಸೋಪು ತಯಾರಿಸುವವರು ಕುದಿಯುವ ಕಡಾಯಿಗೆ ಉಪ್ಪು ಸುರಿಯುವುದೇ ಸೋಪು ಬೇರ್ಪಟ್ಟು ಮೇಲೆ ತೇಲಲಿ ಅಂತ, ಕಡಲು ಮಾಡುವುದೂ ಅದನ್ನೇ. ಇದಕ್ಕೆ ಉತ್ತರ ಸಿಕ್ಕಿದ್ದು ತೆಂಗಿನೆಣ್ಣೆಯಲ್ಲಿ. ತೆಂಗಿನೆಣ್ಣೆಯಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಸರಪಳಿಯಲ್ಲಿ ಇಂಗಾಲದ 12 ಪರಮಾಣು ಮಾತ್ರ. ಪ್ರಾಣಿಕೊಬ್ಬಿನ ಆಮ್ಲಗಳಲ್ಲಿ 16, 18 ಇರುತ್ತವೆ. ಸರಪಳಿ ಗಿಡ್ಡವಾದಷ್ಟೂ ಸೋಪು ಸಲೀಸಾಗಿ ಕರಗುತ್ತದೆ, ಉಪ್ಪುನೀರಿನಲ್ಲೂ ನೊರೆ ಬರುತ್ತದೆ. ನಾವಿಕರ ಸೋಪು ಅಂತ ಇದನ್ನೇ ಮಾರುತ್ತಿದ್ದರು. ಮಿಂದ ಮೇಲೆ ಮೈಮೇಲೆ ಉಪ್ಪು ಹಾಗೇ ಉಳಿಯುತ್ತಿತ್ತು ಅನ್ನುವುದು ಬೇರೆ ಮಾತು.

ಈಗಲೂ ನೀರಿಲ್ಲದ ದಾರಿಯಲ್ಲಿ ಹೋಗುವವರು ಇದ್ದಾರೆ. ಅಮೆರಿಕ 1973ರಲ್ಲಿ ಹಾರಿಸಿದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನಲ್ಲಿ ಮಡಿಸಿಡುವ ಶವರ್ ಇತ್ತು. ಬಟ್ಟೆಯ ಉರುಟು ಪರದೆಯನ್ನು ಮೇಲಕ್ಕೆಳೆದು ಒಳಗೆ ನಿಂತು, ಮೂರು ಲೀಟರಿಗಿಂತ ಕಡಿಮೆ ನೀರಿನಲ್ಲಿ ಸ್ನಾನ. ಭಾರವಿಲ್ಲದ ಕಡೆ ನೀರು ಕೆಳಗೆ ಬೀಳುವುದಿಲ್ಲ, ಮೈಗೆ ಅಂಟಿಕೊಂಡು ನಡುಗುವ ಗುಳ್ಳೆಯಾಗಿ ನಿಲ್ಲುತ್ತದೆ. ಅದನ್ನೆಲ್ಲ ನಿರ್ವಾತ ಕೊಳವೆಯಲ್ಲಿ ಹೀರಿ ಮುಗಿಸುವಷ್ಟರಲ್ಲಿ ಎರಡು ಗಂಟೆಗೂ ಜಾಸ್ತಿ ಹಿಡಿಯುತ್ತಿತ್ತು. ಗಗನಯಾನಿಗಳಿಗೆ ಒದ್ದೆ ಬಟ್ಟೆಯೇ ವಾಸಿ ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿದೆ. ಈಗಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಶವರ್ ಇಲ್ಲ. ತೊಳೆಯಬೇಕಿಲ್ಲದ ಶಾಂಪೂ ಹಚ್ಚಿ ಟವೆಲಿನಿಂದ ಒರೆಸುತ್ತಾರೆ. ಕೂದಲು ಕತ್ತರಿಸುವ ಯಂತ್ರಕ್ಕೆ ಹೀರುವ ಕೊಳವೆ ಜೋಡಿಸಿರುತ್ತಾರೆ, ಇಲ್ಲದಿದ್ದರೆ ಕತ್ತರಿಸಿದ ಕೂದಲು ಎಲ್ಲರ ಕಣ್ಣು ಮೂಗಿಗೆ ತೇಲಿಬರುತ್ತದೆ. ಬೆವರು, ಮೂತ್ರ, ಉಸಿರಿನ ತೇವ ಎಲ್ಲ ಶುದ್ಧಮಾಡಿ, ನೀರಿನ 98% ಮರಳಿ ಪಡೆಯುವ ಮಟ್ಟವನ್ನು 2023ರಲ್ಲಿ ಮುಟ್ಟಿದ್ದಾರೆ. ಬಟ್ಟೆ ಒಗೆಯುವ ವ್ಯವಸ್ಥೆ ಮಾತ್ರ ಅಲ್ಲಿಲ್ಲ. ಒಂದೇ ಅಂಗಿ ಕೆಲವು ದಿನ ತೊಟ್ಟು, ಆಮೇಲೆ ಕಸದ ಜೊತೆ ಸರಕು ನೌಕೆಗೆ ತುಂಬಿ ಬಿಡುತ್ತಾರೆ. ಅಂಥ ನೌಕೆಗಳಲ್ಲಿ ಹೆಚ್ಚಿನವು ವಾತಾವರಣಕ್ಕೆ ಇಳಿಯುವಾಗ ಉರಿದು ಹೋಗುತ್ತವೆ, ಒಳಗಿನ ಕೊಳೆ ಬಟ್ಟೆಯೂ ಅದರ ಜೊತೆಗೇ.